ಕಹಳೆಗೆ ಬಲ್ಬು ಹಾಕುವ ಡೊರೀನ್

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಸೋಮವಾರ. ಕಸದ ಲಾರಿ ಎಂದಿನ ಹೊತ್ತಿಗೇ ಬಂದು ಹೋಗಿದೆ. ಗಂಡ ನೇಥನ್ ನುಡಿಸುತ್ತಿದ್ದ ಕಹಳೆಯನ್ನು ಕಾರಿನಲ್ಲಿಟ್ಟುಕೊಂಡು ನಾನು ಡೊರೀನ್ ಸಗ್ಡನ್ ಅವರ ಶೆಡ್ಡಿಗೆ ಬಂದಿದ್ದೇನೆ. ಪತ್ರಿಕೆಗೆ ಅವರ ಬಗ್ಗೆ ಬರೆಯಲು ಒಪ್ಪಿದ್ದು ಅವನ ಸಾವಿಗೆ ಮುಂಚೆ. ಕಹಳೆ ಹಿಂದಿರುಗಿಸುವ ಕೆಲಸ ಆಮೇಲೆ ಸೇರಿಕೊಂಡಿತು.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೊರೀನ್ ಆಗಲೇ ಸುತ್ತಿಗೆ ಹಿಡಿದಿದ್ದಾರೆ. “ಬಾ ಮಗಳೇ. ಬಾಗಿಲು ಹಾಕ್ಕೋ, ಚಳೀನ ಜೊತೆಗೆ ಕರ್ಕೊಂಡ್ ಬರ್ಬೇಡ.”

ನಮ್ಮೂರು ಹೇವರ್‌ಥಾರ್ಪ್‌ನ ಕಲ್ಲಿದ್ದಲು ಗಣಿ ಕೆಲಸಗಾರರ ಬ್ಯಾಂಡಿನಲ್ಲಿ ವಾದ್ಯ ಯಾರ ಸ್ವಂತದ್ದೂ ಅಲ್ಲ. ನುಡಿಸುವಷ್ಟು ಕಾಲ ಎರವಲು. ನುಡಿಸುವವರು ತೀರಿಕೊಂಡರೆ ಮನೆಯವರು ತಂದೊಪ್ಪಿಸಬೇಕು. ಮೊದಲಾದರೆ ಮರುವಾರವೇ ಅದು ಇನ್ನೊಬ್ಬರ ಮಡಿಲೇರುತ್ತಿತ್ತು. ಗಣಿ ಮುಚ್ಚಿತು, ಹೊಸಬರು ಬರುವುದು ನಿಂತಿತು. ಈಗ ಕಮಿಟಿಯವರು ನುಡಿಸುವವರಿಲ್ಲದ ವಾದ್ಯಗಳನ್ನು ಡೊರೀನ್‌ಗೆ ಕೊಡುತ್ತಾರೆ. ಅವರ ಕೈಯಲ್ಲಿ ಕಹಳೆ ದೀಪವಾಗುತ್ತದೆ, ಡ್ರಮ್ ಮೇಜಾಗುತ್ತದೆ. ಮಾರಿ ಬಂದದ್ದರಲ್ಲಿ, ಇನ್ನೂ ಉಳಿದಿರುವ ವಾದಕರು ಅಭ್ಯಾಸ ಮಾಡುವ ಸಭಾಂಗಣದ ಬಾಡಿಗೆ ಕಟ್ಟುತ್ತಾರೆ.

ಮದುವೆಯಾದಾಗಿನಿಂದ ಡೊರೀನ್ ಈ ಬ್ಯಾಂಡಿನ ರಿಪೇರಿಯವರು. ಕೊಳವೆಯೊಳಗೆ ಉಕ್ಕಿನ ಗುಂಡು ಹಾಯಿಸಿ ನೆಗ್ಗು ತೆಗೆಯುವುದು ಅವರ ಕಸುಬು. ಈಗ ಅದೇ ಕೆಲಸದ ಬೆಂಚಿನ ಮುಂದೆ ಕೂತು ಬೇಕೆಂದೇ ನೆಗ್ಗು ಮಾಡುತ್ತಾರೆ.

“ನಯವಾಗಿದ್ರೆ ಕೊಳ್ಳೋರಿಗೆ ಹಿಡಿಸಲ್ಲ. ಅಂಗಡಿ ಮಾಲು ಇದ್ದಂಗಿದೆ ಅಂತಾರೆ. ಗಣಿಯೋರು ಊದಿದ್ದು ಅಂತ ಕಾಣ್ಬೇಕಂತೆ. ಗಣಿಯೋನು ಹೆಂಡ್ತಿನಾದ್ರೂ ಬೀಳಿಸ್ಯಾನು, ಕಹಳೆ ಬೀಳಿಸ್ತಿರಲಿಲ್ಲ!”

ವಯಸ್ಸಾಗಿ ಬೆರಳು ಮರಗಟ್ಟುವವರೆಗೆ ಅವರೂ ಕಾರ್ನೆಟ್ ಎಂಬ ಪುಟ್ಟ ಕಹಳೆ ನುಡಿಸುತ್ತಿದ್ದರು. ಅದೂ ದೀಪವಾಗಿದೆ. “ಎಲ್ಲಿದೆ ಗೊತ್ತಾ? ಲೀಡ್ಸ್‌ನ ಒಂದು ಬಾರಲ್ಲಿ, ಗಂಡಸರ ಕಕ್ಕಸಲ್ಲಿ. ಚೆನ್ನಾಗಿ ಉರೀತಿದೆಯಂತೆ.”

ಊರಿನಲ್ಲಿ ಅವರಿಗೆ ಒಳ್ಳೆಯ ಹೆಸರೇನಿಲ್ಲ. ಡ್ರಮ್ ಬಾರಿಸುವ ಮುದುಕ ಸ್ಟ್ಯಾನ್ ದಾರಿಯಲ್ಲಿ ಸಿಕ್ಕಾಗಲೆಲ್ಲ “ಏನಮ್ಮಾ, ಇವತ್ತು ಯಾರ ಹೆಣ ಸಿಂಗಾರ?” ಎಂದು ಕೇಳುತ್ತಾನೆ.

“ನಾನೂ ಬಿಡಲ್ಲ. ನಿನ್ನ ಡ್ರಮ್ಮಿಗೆ ಗಿರಾಕಿ ಕಾಯ್ತಿದಾನೆ, ಬೇಗ ಸಾಯೋ ಅಂತೀನಿ,” ಎಂದು ನಕ್ಕವರು ನನ್ನ ಮುಖ ನೋಡಿ ಸುತ್ತಿಗೆ ಕೆಳಗಿಡುತ್ತಾರೆ.

“ಕಾರಲ್ಲಿದೆಯಾ?”

“ಇದೆ.”

“ಮನೆಗೆ ವಾಪಸ್ ತಗೊಂಡ್ ಹೋಗು. ಕಮಿಟಿಯೋರು ಕೇಳಿದ್ರೆ ನಾನು ನೋಡ್ಕೋತೀನಿ.”

“ಅದು ಬ್ಯಾಂಡಿಂದು, ಡೊರೀನ್.”

“ಬ್ಯಾಂಡಲ್ಲಿ ಯಾರಿದಾರೆ ಊದೋಕೆ? ನನ್ನ ಹತ್ರ ಬಂದ್ರೆ ಏನಾಗುತ್ತೆ ಗೊತ್ತಲ್ವಾ ನಿಂಗೆ?”

“ಗೊತ್ತು.”

ಹೊರಗೆ ಹೋಗಿ ತರುತ್ತೇನೆ. ಬೆಂಚಿನ ಮೇಲೆ ಜಾಗ ಮಾಡಿಕೊಟ್ಟು, ಕೈಯನ್ನು ಅಂಗಿಯ ತೋಳಿಗೆ ಒರೆಸಿಕೊಂಡು ಅವರೇ ಪೆಟ್ಟಿಗೆ ತೆರೆಯುತ್ತಾರೆ. ಊದುಬಾಯಿಯನ್ನು ಬಿಚ್ಚಿ ನನ್ನ ಅಂಗೈಯಲ್ಲಿಡುತ್ತಾರೆ. ಅದೊಂದು ನೇಥನ್‌ನ ಸ್ವಂತದ್ದು.

“ಹೋದ ಬೇಸಿಗೇಲಿ ಮೆರವಣಿಗೆ ದಿನ ಮೆಟ್ಟಿಲ ಮೇಲಿಂದ ಕಹಳೆ ಬೀಳಿಸಿದ್ದ. ಅಳೋ ಹಂಗಿದ್ದ ಪಾಪ. ಸರಿಮಾಡೋಕೆ ಮೂರು ಸಂಜೆ ಹಿಡೀತು ನಂಗೆ. ಎಲ್ಲಿ ನೆಗ್ಗಿತ್ತು, ಹುಡುಕು ನೋಡೋಣ.”

ಕಹಳೆಯ ಅಗಲ ಬಾಯಿಯ ಅಂಚಿನುದ್ದಕ್ಕೂ ಬೆರಳಾಡಿಸುತ್ತೇನೆ. ತಣ್ಣಗಿದೆ. ಎಲ್ಲ ಒಂದೇ ಸಮನಾಗಿದೆ.

“ಗೊತ್ತಾಗ್ತಿಲ್ಲ.”

“ಗೊತ್ತಾಗಬಾರದು,” ಎನ್ನುತ್ತಾರೆ ಡೊರೀನ್. ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು, ಕಹಳೆಯ ಮೇಲೆ ದೀಪದ ವೈರ್ ಹೊರಬರುವ ತೂತು ಕೊರೆಯಬೇಕಾದಲ್ಲಿ ಗುರುತು ಹಾಕುತ್ತಾರೆ.