ಪಾನ್ ಉ ಹೆಸರಿನ ದಾನದೂಟ

ಮಾಂಡಲೆಯ ನ್ವೇ ಯೀ ಸಾನ್ ಅಕ್ಕಿ ವ್ಯಾಪಾರಿಯ ಮಗಳು. ಆದರೆ ಆಕೆಯ ಮನಸ್ಸು ಚಿಕ್ಕಂದಿನಿಂದಲೂ ವಾಸವಾಗಿದ್ದದ್ದು ಹಾಳುಬಿದ್ದ ಅರಮನೆಯಲ್ಲಿ. ಚಹಾದಂಗಡಿಯ ಕುಳ್ಳ ಸ್ಟೂಲಿನ ಮೇಲೆ ಕುಳಿತೇ ರಾಜರ ಕಾಲದ ಕಾದಂಬರಿಗಳನ್ನು ಬರೆದಳು. ಗೊತ್ತಿದ್ದದ್ದನ್ನು ಬರೆಯುತ್ತಿದ್ದಳು, ಗೊತ್ತಿಲ್ಲದ್ದನ್ನು ಹೊಲಿಗೆ ಕಾಣದಂತೆ ಸೇರಿಸುತ್ತಿದ್ದಳು.

ಚಳಿಗಾಲದಲ್ಲಿ ಸಾಹಿತಿಗಳು ಊರೂರು ತಿರುಗಿ, ಬೀದಿಯಲ್ಲಿ ಕಟ್ಟಿದ ವೇದಿಕೆಯಿಂದ ಓದುಗರೊಡನೆ ಮಾತನಾಡುವುದು ಅಲ್ಲಿಯ ವಾಡಿಕೆ. ಆ ವರ್ಷ ಆಕೆ ಪಕೊಕ್ಕುವಿಗೆ ಹೋದಳು. ಜೊತೆಗೆ ಹಾಸ್ಯ ಲೇಖಕ ಊ ತೇನ್ ಹ್ಲೈಂಗ್ ಇದ್ದ. ಭಾಷಣ ಮುಗಿದೊಡನೆ ಚುಟ್ಟಾ ಸುತ್ತುವ ಮುದುಕಿಯೊಬ್ಬಳು ಜನರನ್ನು ಸರಿಸಿಕೊಂಡು ಬಂದು ಆಕೆಯ ಕೈ ಹಿಡಿದಳು. ಹೆಸರು ಡಾವ್ ಪ್ವಾ ಶಿನ್. ಗುರುವಮ್ಮ ಎಂಬ ಗೌರವದಿಂದ 'ಸಯಾಮಾ' ಎಂದು ಕರೆದಳು.

"ಸಯಾಮಾ, ಬಾಡಿಗೆಗೆ ತಂದ ನಿಮ್ಮ ಪುಸ್ತಕಾನ ಒಬ್ಬಳು ಓದ್ತಿದ್ಲು, ನಾವೆಲ್ಲ ಚುಟ್ಟಾ ಸುತ್ತುತ್ತಾ ಕೇಳಿದ್ವಿ. ಕೊನೇಲಿ ಯಾರ ಕೈಯೂ ಆಡಲಿಲ್ಲ. ನಾಳೆ ಬೆಳಿಗ್ಗೆ ವಿಹಾರದಲ್ಲಿ ತೀರಿಹೋದೋರ ಹೆಸರಲ್ಲಿ ದಾನದೂಟ ಇಟ್ಕೊಂಡಿದೀವಿ. ತಪ್ಪದೆ ಬರ್ಬೇಕು."

ಬರೆಯುವವರಿಗೆ ಊಟದ ಕರೆಯೇನು ಹೊಸದೇ! ಆಕೆ ಸಂತೋಷದಿಂದ ಒಪ್ಪಿದಳು.

ಮರುದಿನ ವಿಹಾರದಲ್ಲಿ ಹಂದಿ ಮಾಂಸದ ಸಾರು ಕುದಿಯುತ್ತಿತ್ತು. ಚುಟ್ಟಾ ಅಂಗಡಿಯ ಹೆಂಗಸರೆಲ್ಲ ನೆರೆದಿದ್ದರು. ಎಲ್ಲರೊಡನೆ ಆಕೆಯೂ ಭಿಕ್ಷುವಿನ ಮುಂದೆ ಮಂಡಿಯೂರಿ ಪಂಚಶೀಲ ಸ್ವೀಕರಿಸಿದಳು. ಅನಂತರ ಪಕ್ಕದವಳನ್ನು ಮೆಲ್ಲನೆ ಕೇಳಿದಳು: "ತೀರಿಕೊಂಡವರು ಯಾರಮ್ಮ?"

"ಇದೇನ್ ಸಯಾಮಾ, ನೀವೇ ಕೇಳ್ತೀರಾ? ಪಾನ್ ಉ!"

ಪಾನ್ ಉ ಎಂದರೆ ನ್ವೇ ಯೀಯ ಕಾದಂಬರಿಯಲ್ಲಿ ರಾಣಿಯ ಮುಡಿಗೆ ಹೂ ಕಟ್ಟುವ ಹುಡುಗಿ. ರಾಜನನ್ನು ಸೆರೆಹಿಡಿದು ಪರದೇಶಕ್ಕೆ ಒಯ್ದ ದಿನ ನದಿಯ ದಡದ ನೂಕುನುಗ್ಗಲಿನಲ್ಲಿ ಸಿಕ್ಕಿ ಸಾಯುತ್ತಾಳೆ. ಅವಳ ಹೆಸರಿನಲ್ಲಿ ಪುಣ್ಯ ಹಂಚಲು ಯಾರೂ ಇರುವುದಿಲ್ಲ. ಅಂಥವಳೊಬ್ಬಳು ಎಂದೂ ಹುಟ್ಟಿರಲೇ ಇಲ್ಲ.

ಹಿಂದೆ ಕುಳಿತಿದ್ದ ತೇನ್ ಹ್ಲೈಂಗ್ ಪಿಸುಗುಟ್ಟಿದ: "ಅದೃಷ್ಟವಂತೆ ಕಣಮ್ಮ ನೀನು! ನನ್ನ ಪಾತ್ರಗಳಿಗೆ ಇದುವರೆಗೆ ಯಾರೂ ಒಂದು ಲೋಟ ಚಹಾನೂ ಕೊಡ್ಸಿಲ್ಲ."

"ತಮಾಷೆ ಸಾಕು. ಈಗ ಏನ್ಮಾಡ್ಲಿ?"

"ಸುಮ್ನಿರು. ಬಡಿಸಿದ್ದನ್ನ ಉಣ್ಣು."

ಅಷ್ಟರಲ್ಲಿ ಪ್ವಾ ಶಿನ್ ನೀರಿನ ಹೂಜಿಯನ್ನು ಆಕೆಯ ಮುಂದಿಟ್ಟಳು. "ನಮ್ಮಜ್ಜಿ ಅವತ್ತು ಅಕ್ಕನ ಕೈ ಹಿಡ್ಕೊಂಡೇ ದಡಕ್ಕೆ ಹೋಗಿದ್ಲಂತೆ. ಜನ ನುಗ್ಗಿದಾಗ ಕೈ ಬಿಟ್ಟೋಯ್ತು. ಸಾಯೋವರೆಗೂ 'ಅಕ್ಕಾ, ಅಕ್ಕಾ' ಅಂತಿದ್ಲೇ ಹೊರತು ಒಂದಿನಾನೂ ಹೆಸರು ಹೇಳಲಿಲ್ಲ. ಅವಳೂ ಅರಮನೇಲಿ ಹೂ ಕಟ್ಟೋಳೇ. ನೂರು ವರ್ಷ ಆದ್ಮೇಲೆ ನೀವು ಹುಡುಕಿ ಕೊಟ್ರಿ, ತಾಯಿ! ನೀರು ಬಿಟ್ಟು ನೀವೇ ಹೆಸರು ಕೂಗಿ. ಹೆಸರು ಹಿಡಿದು ಕರೆದ್ರೇನೇ ಸತ್ತೋರು ಬಾಗಿಲಿಗೆ ಬಂದು ಪುಣ್ಯದ ಪಾಲು ತಗೊಳ್ಳೋದು."

ಸುಳ್ಳಾಡುವುದಿಲ್ಲವೆಂದು ನ್ವೇ ಯೀ ಭಿಕ್ಷುವಿನ ಮುಂದೆ ನುಡಿದು ಇನ್ನೂ ಬಾಯಿ ಆರಿರಲಿಲ್ಲ. ನಿಜ ಹೇಳಿದರೆ ಮುದುಕಿಗೆ ಸಿಕ್ಕ ದೊಡ್ಡಜ್ಜಿ ಮತ್ತೆ ಕಳೆದುಹೋಗುತ್ತಾಳೆ.

"ಅಮ್ಮಾ... ಅವಳನ್ನು ನಾನು ಹುಡುಕಲಿಲ್ಲ. ಕಟ್ಟಿದೆ. ಆ ಹೆಸರೂ ನಾನೇ ಇಟ್ಟದ್ದು."

ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. ಪ್ವಾ ಶಿನ್ ಮೊದಲು ನಕ್ಕಳು, ಆಮೇಲೆ ಅವಳ ಮುಖ ಬಿಳಿಚಿಕೊಂಡಿತು.

"ಕಟ್ಟಿದ್ರಾ? ನಾವು ಅತ್ತಿದ್ದು?"

ಪ್ವಾ ಶಿನ್ ಮುಂದಕ್ಕೆ ಬಾಗಿದಳು.

"ಪುಸ್ತಕದ ಮೊದಲ ಪುಟದಲ್ಲೇ ಹೇಳೋಕಾಗ್ತಿರಲಿಲ್ವಾ? ಮೂರು ರಾತ್ರಿ ನಿದ್ದೆ ಮಾಡಿಲ್ಲ ನಾನು!"

ಭಿಕ್ಷು ಕಿಟಕಿಯಾಚೆ ನೋಡಿ, "ಹೊತ್ತು ಏರ್ತಾ ಇದೆ, ಉಪಾಸಿಕೆ. ಮಧ್ಯಾಹ್ನವಾದ ಮೇಲೆ ನಾವು ಉಣ್ಣುವ ಹಾಗಿಲ್ಲ" ಎಂದಷ್ಟೇ ಹೇಳಿದರು.

ಮುದುಕಿ ಕಣ್ಣೊರೆಸಿಕೊಂಡಳು. ಹೂಜಿಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಮತ್ತೆ ಮುಂದಕ್ಕೆ ತಳ್ಳಿದಳು.

"ನಿಮ್ಮೋಳು ಇರಲಿಲ್ಲ, ಸರಿ. ನಮ್ಮೋಳು ಇದ್ಲಲ್ಲ! ಅವಳಿಗೆ ಹೆಸರಿಲ್ಲ, ನಿಮ್ಮ ಹತ್ರ ಹೆಸರು ಬಿದ್ದಿದೆ. ಕೊಟ್ಬಿಡಿ. ಕೂಗಿ."

ನ್ವೇ ಯೀ ನೀರನ್ನು ಹನಿಹನಿಯಾಗಿ ಬಿಟ್ಟಳು. "ಪಾನ್ ಉ, ಈ ಪುಣ್ಯದ ಪಾಲು ತಗೋ" ಎಂದು ಮೂರು ಸಲ ಕೂಗಿದಳು. ಹೆಂಗಸರು "ಸಾಧು, ಸಾಧು, ಸಾಧು" ಎಂದರು.

ಕೂಗಿದ ಮೇಲೆ ತನಗೇ ತಿಳಿಯದಂತೆ ಬಾಗಿಲ ಕಡೆ ತಿರುಗಿದಳು. ಪ್ವಾ ಶಿನ್ ಆಗಲೇ ಅತ್ತ ನೋಡುತ್ತಿದ್ದಳು.