ಅಕ್ಕ ತಿದ್ದಿದ ಪ್ರಶ್ನೆ

“ಹಾಗೆ ಕೇಳ್ತಾರಾ ಯಾರಾದ್ರೂ? ಸ್ವಲ್ಪವಾದ್ರೂ ಮರ್ಯಾದೆ ಬೇಡ್ವಾ ನಿನಗೆ?”

ನಾನು ಅಕ್ಕನ ಅಡುಗೆಕೋಣೆಯಲ್ಲಿ ಕಾಫಿ ಬಿಸಿ ಮಾಡುತ್ತಿದ್ದೆ. ಜಗಲಿಯಿಂದ ಅವಳ ಸ್ವರ ಕೇಳಿದ್ದೇ ಒಲೆ ಆರಿಸಿ ಓಡಿದೆ. ಜಗಲಿಯಲ್ಲಿ ಅವಳ ಜೊತೆಗಿದ್ದವರು ಹಮೀದಾಕ ಒಬ್ಬರೇ. ಯಾರಿಗೂ ಗಟ್ಟಿಯಾಗಿ ಮಾತಾಡದ ಮನುಷ್ಯ. ಅವರಿಗೆ ಬೈಯುವಂಥದ್ದು ಏನಾಯಿತು?

ಹಮೀದಾಕ ಎರಡೂ ಕೈ ಎತ್ತಿದರು. “ನನಗಲ್ಲ ಮಾಸ್ಟ್ರೇ. ಅದಕ್ಕೆ.”

‘ಅದು’ ಅಂದರೆ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್. ಪರದೆಯಲ್ಲಿ ಒಂದು ಫಾರ್ಮ್. ಅದರಲ್ಲೊಂದು ಪ್ರಶ್ನೆ: ‘ರೋಗಿ ಬದುಕಿದ್ದಾರೆಯೇ? ಹೌದು / ಇಲ್ಲ.’

ನೀವೇ ಹೇಳಿ, ಬೈಯದೆ ಇನ್ನೇನು ಮಾಡುವುದು?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನ್ನಕ್ಕ ಸುನಂದಾ ಬಂಟ್ವಾಳದವರಿಗೆಲ್ಲ ಸುನಂದಕ್ಕ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಭಾವ ಹಾಸಿಗೆ ಹಿಡಿದಾಗ ಅವರಿಗೆಂದು ಆಸ್ಪತ್ರೆಯಲ್ಲಿರುವಂಥ ಮಂಚವೊಂದನ್ನು ಕೊಂಡಿದ್ದಳು. ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದಲ್ಲ, ಅಂಥದ್ದು. ಭಾವ ಹೋದ ಮೇಲೆ ಅದನ್ನು ಮಾರಲು ಅವಳಿಗೆ ಮನಸ್ಸು ಬರಲಿಲ್ಲ. ಹತ್ತಿರದ ಮನೆಯ ಅಜ್ಜಿಯೊಬ್ಬರಿಗೆ ಕೊಟ್ಟಳು. “ಬೇಕಾದಷ್ಟು ದಿನ ಇಟ್ಟುಕೊಳ್ಳಿ. ಬೇಡ ಅಂತಾದಾಗ ಹೇಳಿ, ಇನ್ನೊಬ್ಬರಿಗೆ ಆಗ್ತದೆ.”

ಸುದ್ದಿ ಹರಡಿತು. ಕೇಳುವವರೂ ಬಂದರು, ಕೊಡುವವರೂ ಬಂದರು. ಒಬ್ಬರು ಗಾಲಿಕುರ್ಚಿ ತಂದಿಟ್ಟರು, ಇನ್ನೊಬ್ಬರು ವಾಕರ್. ದುಬೈಯಲ್ಲಿರುವ ಯಾರೋ ಕೆಲವು ಆಕ್ಸಿಜನ್ ಮಿಷನ್ ಕೊಡಿಸಿದರು. (ಇದಕ್ಕೆ ಸಿಲಿಂಡರ್ ಬೇಡ. ಕರೆಂಟಿನಲ್ಲಿ ನಡೆಯುತ್ತದೆ, ಕೋಣೆಯ ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಡುತ್ತದೆ.) ಗಲ್ಫಿನಿಂದ ವಾಪಸಾಗಿ ಪಿಕಪ್ ಇಟ್ಟುಕೊಂಡಿದ್ದ ಹಮೀದಾಕ ಸಾಗಿಸುವ ಕೆಲಸ ವಹಿಸಿಕೊಂಡರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಮೂರೂ ಕಡೆ ಸಾಮಾನು ಓಡಾಡತೊಡಗಿತು. ಸಂಘವಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ. ಜನ ‘ಸುನಂದಕ್ಕನ ಮಂಚ’ ಎನ್ನುತ್ತಾರೆ, ಅಷ್ಟೆ.

ಯಾವುದು ಯಾರ ಮನೆಯಲ್ಲಿದೆ ಎಂಬುದೆಲ್ಲ ಅಕ್ಕನ ತಲೆಯಲ್ಲಿತ್ತು. ಒಳ್ಳೆಯ ತಲೆಯೇ. ಆದರೆ ಕಳೆದ ಮಳೆಗಾಲದಲ್ಲಿ ಅವಳಿಗೆ ಡೆಂಗ್ಯೂ ಬಂತು. ಆಸ್ಪತ್ರೆಯಲ್ಲಿ ಮಲಗಿದಳು. ಅದೇ ಸಮಯಕ್ಕೆ ಬೆಳ್ತಂಗಡಿಯ ಒಂದು ಮನೆಯವರು ಮಂಚಕ್ಕಾಗಿ ಫೋನ್ ಮಾಡಿ ಮಾಡಿ ಸೋತರು. ಆ ಮನೆಯ ಹಿರಿಯರಿಗೆ ನೆಲದ ಮೇಲೇ ಮಲಗಿ ಬೆನ್ನು ಹುಣ್ಣಾಯಿತು. ಆಗ ಅವರ ಮನೆಯ ಹಿಂದಿನ ರಸ್ತೆಯ ಇನ್ನೊಂದು ಮನೆಯಲ್ಲಿ ಅಕ್ಕನ ಒಂದು ಮಂಚ ಸುಮ್ಮನೆ ನಿಂತಿತ್ತು. ಅದರ ಮೇಲೆ ಆ ಮನೆಯವರು ಒದ್ದೆ ಬಟ್ಟೆ ಒಣಗಲು ಹಾಕಿದ್ದರು!

ಯಾರದೂ ತಪ್ಪಲ್ಲ. ಹಿಂದಿರುಗಿಸಬೇಕೆಂದು ಅವರಿಗೂ ಇತ್ತು. ಆದರೆ ಕೇಳುವವರು ಬೇಕಲ್ಲ?

ಗುಣವಾಗಿ ಮನೆಗೆ ಬಂದ ಅಕ್ಕನಿಗೆ ಈ ಸಂಗತಿ ಗೊತ್ತಾಯಿತು. ಅವಳು ಅಷ್ಟು ಕುಗ್ಗಿದ್ದನ್ನು ನಾನು ಭಾವ ತೀರಿಕೊಂಡಾಗಲೂ ನೋಡಿರಲಿಲ್ಲ. “ಡ್ಯೂಟಿ ಮುಗಿಸಿ ಹೋಗುವಾಗ ಮುಂದಿನ ಶಿಫ್ಟಿನವರಿಗೆ ಎಲ್ಲ ಹೇಳಿ ಹೋಗ್ಬೇಕು ಮಾರಾಯ. ಅದು ನರ್ಸಿಂಗಿನ ಮೊದಲ ಪಾಠ. ನಾನು ಇಷ್ಟು ದಿನ ಹ್ಯಾಂಡೋವರ್ ಕೊಡದೆ ಡ್ಯೂಟಿ ಮಾಡಿದ್ದು!” ಎಂದಳು.

ಆಮೇಲೆ ಶುರುವಾದದ್ದು ಈ ಫಾರ್ಮು. ಆನ್‌ಲೈನ್ ಫಾರ್ಮ್ ಮಾಡಿಕೊಡುವ ಒಂದು ವೆಬ್‌ಸೈಟಿನಲ್ಲಿ ತಾನೇ ಖಾತೆ ತೆರೆದಳು. ವಾಟ್ಸಪ್ಪಿನಲ್ಲಿ ಕಳಿಸಿದಳು. ಉತ್ತರಗಳೂ ಬಂದವು. ಆದರೆ ಉತ್ತರ ಬಂದರಾಯಿತೇ? ಒಬ್ಬರು ‘ಮೂಡಬಿದ್ರಿ’ ಎಂದು ಬರೆದರೆ ಇನ್ನೊಬ್ಬರು ‘ಮೂಡುಬಿದಿರೆ’, ಮತ್ತೊಬ್ಬರು ಇಂಗ್ಲಿಷಿನಲ್ಲಿ. ‘ವೀಲ್‌ಚೇರ್’, ‘ಗಾಲಿಕುರ್ಚಿ’, ‘ಚಕ್ರದ ಕುರ್ಚಿ’. ಎಲ್ಲ ಕಲಸುಮೇಲೋಗರ.

ಅಷ್ಟರಲ್ಲಿ ಆ ವೆಬ್‌ಸೈಟಿನವರಿಂದ ಒಂದು ಇಮೇಲ್ ಬಂತು. ಇನ್ನು ಮುಂದೆ ನಿಮ್ಮ ಫಾರ್ಮನ್ನು ಎಐ ಕೋಡಿಂಗ್ ಸಹಾಯಕನಿಗೆ ಜೋಡಿಸಬಹುದು ಎಂದು. ಅಂದರೆ ಪ್ರೋಗ್ರಾಮ್ ಬರೆಯಬಲ್ಲ ಎಐ. ನಮಗೆ ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಅದು ಫಾರ್ಮ್ ಮಾಡುತ್ತದೆ, ಬಂದ ಉತ್ತರ ಓದುತ್ತದೆ, ಬೇಕಾದ ಹಾಗೆ ವಿಂಗಡಿಸಿ ತೋರಿಸಲು ಕೋಡ್ ಬರೆಯುತ್ತದೆ. ಇಂಥ ಇಮೇಲ್ ನನಗೂ ದಿನಾ ಬರುತ್ತವೆ. ನಾನು ಓದದೆ ಅಳಿಸುತ್ತೇನೆ. (ನೀವೂ ಅಷ್ಟೇ ಅಲ್ಲವೇ?) ಅಕ್ಕ ಓದಿದಳು. ಓದಿ ನನಗೆ ಫೋನ್ ಮಾಡಿದಳು. “ಭಾನುವಾರ ಬಾ. ಇದನ್ನು ಜೋಡಿಸುವ.”

ನಾನು ಮೂಡುಬಿದಿರೆಯಲ್ಲಿ ಕಾಮರ್ಸ್ ಕಲಿಸುವವನು. ಜೋಡಿಸಿ ಗೊತ್ತಿದ್ದದ್ದು ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಮಾತ್ರ. ಆದರೂ ಹೋದೆ.

ಫಾರ್ಮಿನ ವೆಬ್‌ಸೈಟು ಒಂದು ಉದ್ದದ ಕೀ ಕೊಡುತ್ತದೆ, ಅಕ್ಷರ ಅಂಕಿಗಳ ಸಾಲು. ಅದನ್ನು ಎಐ ಸಹಾಯಕನ ಸೆಟ್ಟಿಂಗ್‌ನಲ್ಲಿ ಹಾಕಬೇಕು. ಹಾಕಿದೆವು. ‘ಸಂಪರ್ಕ ವಿಫಲ’ ಎಂದಿತು. ಮತ್ತೆ ಹಾಕಿದೆವು, ಮತ್ತೆ ವಿಫಲ. ನನ್ನ ಮುಖ ಸಪ್ಪೆಯಾಯಿತು. ಅಕ್ಕ ಸೀದಾ ಎಐಯನ್ನೇ ಕೇಳಿದಳು: ‘ಯಾಕೆ ಆಗುತ್ತಿಲ್ಲ?’ ಅದು ಸೆಟ್ಟಿಂಗ್ ಓದಿ, ಕೀಯ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿದೆ, ತೆಗೆಯಿರಿ ಎಂದಿತು. ತೆಗೆದೆವು. ಜೋಡಣೆಯಾಯಿತು! ಹಮೀದಾಕ ಚಪ್ಪಾಳೆ ತಟ್ಟಿಯೇಬಿಟ್ಟರು.

ಅಷ್ಟರಲ್ಲಿ ಪರದೆಯಲ್ಲಿ ಅನುಮತಿ ಕೇಳಿತು. ಓದಬಹುದೇ, ಹೊಸತು ಮಾಡಬಹುದೇ, ಬದಲಿಸಬಹುದೇ, ಅಳಿಸಬಹುದೇ? ನಾನು ಎಲ್ಲದಕ್ಕೂ ಟಿಕ್ ಹಾಕಲು ಹೊರಟೆ. ಅಕ್ಕ ಕೈ ಹಿಡಿದಳು.

“ಅಳಿಸ್ಲಿಕ್ಕೆ ಎಂತಕ್ಕೆ ಬಿಡುವುದು? ವಾರ್ಡಿಗೆ ಹೊಸಬರು ಬಂದ ದಿನವೇ ಔಷಧದ ಕಪಾಟಿನ ಬೀಗದಕೈ ಕೊಡ್ತಾರಾ?”

ಕೊಡಲಿಲ್ಲ.

ಆಮೇಲೆ ಅವಳು ಕನ್ನಡದಲ್ಲೇ ಬರೆದಳು. ಸಾಮಾನು ಯಾರ ಹತ್ತಿರ ಇದೆ, ಖಾಲಿ ಇದೆಯೇ ಎಂದು ತಿಳಿಯಬೇಕು, ಊರಿನ ಹೆಸರು ಆರಿಸುವ ಹಾಗೆ ಇರಬೇಕು, ಇತ್ಯಾದಿ. ನಾನು ಕಾಫಿ ಬಿಸಿ ಮಾಡಲು ಒಳಗೆ ಹೋದೆ. ಅಷ್ಟರಲ್ಲಿ ಎಐ ಫಾರ್ಮ್ ಸಿದ್ಧ ಮಾಡಿತ್ತು, ಆ ಪ್ರಶ್ನೆಯ ಸಮೇತ. ತರ್ಕ ಸರಿಯೇ. ರೋಗಿ ಇಲ್ಲದಿದ್ದರೆ ಮಂಚ ಖಾಲಿ. ಆದರೆ ತಾಯಿ ತೀರಿ ವಾರವಾಗಿರುವ ಮನೆಗೆ ಹೋಗಿ ತರ್ಕ ಮಾತಾಡುವುದು ಹೇಗೆ?

ಅಕ್ಕ ಬೈದು ಮುಗಿಸಿ ಪ್ರಶ್ನೆ ತಿದ್ದಿದಳು. ‘ಈ ವಸ್ತು ನಿಮಗೆ ಈಗಲೂ ಬೇಕಾಗಿ ಉಂಟಾ?’ ಅದಕ್ಕೆ ಉತ್ತರ ಮೂರು. ‘ಬೇಕು.’ ‘ಸದ್ಯಕ್ಕೆ ಬೇಡ.’ ಮೂರನೆಯದು: ‘ನೀವೇ ಒಂದು ಫೋನ್ ಮಾಡಿ.’

“ಮೂರನೆಯದು ಯಾಕಕ್ಕ?” ಎಂದೆ.

“ಕೆಲವರಿಗೆ ಬರೆದು ಹೇಳ್ಲಿಕ್ಕೆ ಆಗುವುದಿಲ್ಲ. ಅವರತ್ರ ಮಾತಾಡ್ಬೇಕು.”

ಕಾಯಿಲೆ ಯಾವುದು ಎಂಬ ಪ್ರಶ್ನೆಯನ್ನೂ ತೆಗೆಸಿದಳು. ವಾಕರ್ ಕೊಡಲು ಊರಿಗೆಲ್ಲ ರೋಗದ ಹೆಸರು ಗೊತ್ತಾಗಬೇಕಿಲ್ಲ ಎಂದು. ಎಐ ಎಲ್ಲವನ್ನೂ ಒಪ್ಪಿಕೊಂಡು, ಊರುವಾರು ಯಾವುದು ಎಲ್ಲಿ ಖಾಲಿಯಿದೆ ಎಂದು ತೋರಿಸುವ ಒಂದು ಪುಟ ಮಾಡಿಕೊಟ್ಟಿತು. ಆ ಪುಟ ಹಮೀದಾಕನ ಮೊಬೈಲಿನಲ್ಲೂ ತೆರೆಯುವ ಹಾಗಾಯಿತು. ಅವರು ಅದನ್ನು ಮೊದಲ ದಿನ ಅದೆಷ್ಟು ಸಲ ತೆರೆದು ನೋಡಿದರೋ!

ಇದೆಲ್ಲ ಚಂದ. ಆದರೆ ಕೆಲಸಕ್ಕೆ ಬಂತೇ?

ಕಳೆದ ವಾರ ನನಗೆ ರಜೆಯಿತ್ತು. ಬಂಟ್ವಾಳಕ್ಕೆ ಹೋಗಿದ್ದೆ. ಅಕ್ಕ ಕಣ್ಣಿನ ಪರೀಕ್ಷೆಗೆಂದು ಮಂಗಳೂರಿಗೆ ಹೋಗಿದ್ದಳು. ಜಗಲಿಯಲ್ಲಿ ನನ್ನ ಜೊತೆ ಕುಳಿತಿದ್ದ ಹಮೀದಾಕನಿಗೆ ಒಂದು ಫೋನ್ ಬಂತು. ಪುತ್ತಿಗೆಯ ಸುಜಾತಾ ಎಂಬ ಹೆಣ್ಣುಮಗಳು. ಅತ್ತೆಗೆ ಶ್ವಾಸಕೋಶದ ತೊಂದರೆ, ಅಂದು ಸಂಜೆ ಆಸ್ಪತ್ರೆಯಿಂದ ಮನೆಗೆ ಬಿಡುತ್ತಾರೆ, ಆದರೆ ಮನೆಯಲ್ಲಿ ಆಕ್ಸಿಜನ್ ಇರಲೇಬೇಕು. ಹೇಳಿಟ್ಟಿದ್ದ ಅಂಗಡಿಯವರು ಕೊನೇ ಗಳಿಗೆಯಲ್ಲಿ ಕೈಚೆಲ್ಲಿದ್ದರು. “ಅಣ್ಣ, ಅತ್ತೆ ಮನೆಗೆ ಹೋಗ್ಬೇಕು ಮನೆಗೆ ಹೋಗ್ಬೇಕು ಅಂತ ಮಕ್ಕಳ ಹಾಗೆ ಕೂಗ್ತಾ ಇದ್ದಾರೆ” ಎಂದು ಸುಜಾತಾ ಫೋನಿನಲ್ಲೇ ಅತ್ತಳು.

ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಹಮೀದಾಕ ಪುಟ ತೆರೆದರು. ಆಕ್ಸಿಜನ್ ಮಿಷನ್ ಎಲ್ಲವೂ ಬಳಕೆಯಲ್ಲಿ. ಒಂದರ ಮುಂದೆ ಮಾತ್ರ ಇತ್ತು: ವಿಟ್ಲ, ‘ನೀವೇ ಒಂದು ಫೋನ್ ಮಾಡಿ’.

ಮಾಡಿದರು. ಸ್ಪೀಕರಿನಲ್ಲಿ ನಾನೂ ಕೇಳುತ್ತಿದ್ದೆ. ಎತ್ತಿದವರು ವಾಸುದೇವ ಶೆಟ್ರು, ಅಡಿಕೆ ವ್ಯಾಪಾರಿ. ಪತ್ನಿ ತೀರಿಕೊಂಡು ತಿಂಗಳಾಗಿತ್ತು.

“ಮಿಷನ್ ಉಂಟು. ಆದರೆ ಕೊಡ್ಲಿಕ್ಕೆ... ಹೇಗೆ ಹೇಳುವುದು ನಿಮಗೆ? ಮಲಗುವಾಗ ಈಗಲೂ ಅದನ್ನು ಆನ್ ಮಾಡ್ತೇನೆ. ಆ ಶಬ್ದ ಇಲ್ಲದಿದ್ರೆ ನಿದ್ದೆ ಬರುವುದಿಲ್ಲ. ಅವಳು ಪಕ್ಕದಲ್ಲಿ ಇದ್ದ ಹಾಗೆ ಆಗ್ತದೆ.”

ಹಮೀದಾಕ ‘ಆಯ್ತು ಶೆಟ್ರೇ, ಮತ್ತೆ ಮಾಡ್ತೇನೆ’ ಎಂದು ಇಟ್ಟರು. ಏನೆಂದು ಕೇಳುವುದು? ಆ ಮನುಷ್ಯನ ನಿದ್ದೆ ಕಿತ್ತುಕೊಳ್ಳುವುದೇ?

ಆಗ ಅಕ್ಕನೇ ತಿರುಗಿ ಫೋನ್ ಮಾಡಿದಳು. ಕಣ್ಣಿಗೆ ಡ್ರಾಪ್ಸ್ ಬಿಟ್ಟಿದ್ದರಂತೆ, ಫೋನಿನಲ್ಲಿ ಯಾರ ಹೆಸರೂ ಕಾಣುತ್ತಿರಲಿಲ್ಲವಂತೆ. ಅಲ್ಲಿಯ ನರ್ಸಮ್ಮನಿಂದ ನಂಬರ್ ಒತ್ತಿಸಿ ಮಾಡಿಸಿದ್ದಳು. ಎಲ್ಲ ಕೇಳಿ, ಶೆಟ್ರನ್ನೂ ಅದೇ ಕರೆಗೆ ಸೇರಿಸಲು ಹೇಳಿದಳು.

ನಾನು ಅಂದುಕೊಂಡದ್ದು, ಅವಳು ಪುತ್ತಿಗೆಯ ಅಜ್ಜಿಯ ಕಷ್ಟ ವಿವರಿಸುತ್ತಾಳೆ ಎಂದು. ಅವಳು ಅದನ್ನು ಎತ್ತಲೇ ಇಲ್ಲ. “ಶೆಟ್ರೇ, ನಿಮ್ಮ ಹೆಂಡತಿಯ ಹೆಸರು ಎಂತದು?” ಎಂದು ಕೇಳಿದಳು.

“ಯಶೋದಾ.”

“ಯಶೋದಕ್ಕನನ್ನು ನೋಡಿಕೊಂಡದ್ದು ಯಾರು? ನೀವೇ?”

ಅಷ್ಟು ಸಾಕಾಯಿತು. ಶೆಟ್ರು ಮಾತಾಡಿದರು. ಟ್ಯೂಬ್ ತಾಗಿ ಯಶೋದಕ್ಕನ ಕಿವಿಯ ಹಿಂದೆ ನೋವಾದಾಗ ಹತ್ತಿ ಇಟ್ಟದ್ದು, ಕರೆಂಟು ಹೋದಾಗ ಓಡಿಹೋಗಿ ಇನ್ವರ್ಟರ್ ನೋಡಿದ್ದು, ಎಲ್ಲ. ಅಕ್ಕ ನಡುವೆ ಬಾಯಿ ಹಾಕಲಿಲ್ಲ. ಕಣ್ಣಾಸ್ಪತ್ರೆಯ ಗದ್ದಲ ಹಿಂದೆ ಕೇಳುತ್ತಿತ್ತು. ಶೆಟ್ರು ಎಲ್ಲ ಹೇಳಿ ಮುಗಿಸಿದರು. ಆಮೇಲೆ ಅವರೇ ಕೇಳಿದರು: “ಈಗ ಅದು ಯಾರಿಗೆ ಬೇಕಾಗಿತ್ತು?”

ಅಕ್ಕ ಹೇಳಿದಳು. “ಬನ್ನಿ, ತೆಗೆದುಕೊಂಡು ಹೋಗಿ” ಎಂದರು ಶೆಟ್ರು.

ಪಿಕಪ್ಪಿನಲ್ಲಿ ನಾವಿಬ್ಬರೂ ವಿಟ್ಲಕ್ಕೆ ಹೋದೆವು. ಶೆಟ್ರು ಮಿಷನ್ನನ್ನು ಒರೆಸಿ, ಫಿಲ್ಟರ್ ತೊಳೆದು ಒಣಗಿಸಿ ಇಟ್ಟಿದ್ದರು. ಗಾಡಿಗೆ ಏರಿಸಿದ ಮೇಲೆ ಬಾಗಿಲಿಗೆ ಬೀಗ ಹಾಕಿಕೊಂಡು ಬಂದರು. “ನಾನೂ ಬರ್ತೇನೆ. ಜಾಗ ಉಂಟಲ್ಲ?”

ಮೂವರೂ ಒತ್ತೊತ್ತಾಗಿ ಕುಳಿತೆವು. ಮೂಡುಬಿದಿರೆ ದಾಟಿ ಪುತ್ತಿಗೆ ಮುಟ್ಟುವಾಗ ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಗೆದ್ದೆವು! ಅಕ್ಕ ಫೋನಿನಲ್ಲೇ ಸುಜಾತಾಗೆ ಹೇಳಿದಳು, ಡಾಕ್ಟರ್ ಎಷ್ಟು ಬರೆದಿದ್ದಾರೋ ಅಷ್ಟೇ ಆಕ್ಸಿಜನ್ ಇಡಬೇಕು, ಮೂಗಿನ ಟ್ಯೂಬ್ ಹೊಸದೇ ಆಗಬೇಕು ಎಂದು. ಆಂಬುಲೆನ್ಸ್ ಬಂದು ಅಜ್ಜಿಯನ್ನು ಮಲಗಿಸಿದ ಮೇಲೆ ಶೆಟ್ರು ಮಿಷನ್ ಆನ್ ಮಾಡಿದರು. ಗುಂಯ್‌ಗುಡುವ ಆ ಶಬ್ದ ಶುರುವಾಯಿತು. ಶೆಟ್ರು ಗೋಡೆಗೆ ಒರಗಿ ನಿಂತು ಕೇಳಿದರು. ಅಜ್ಜಿಯ ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಸುಜಾತಾಳ ಕೈಗೆ ಶೆಟ್ರು ಒಂದು ಚಿಕ್ಕ ಪ್ಯಾಕೆಟ್ ಹತ್ತಿ ಕೊಟ್ಟರು. “ಕಿವಿಯ ಹಿಂದೆ ಇಡಿ. ಇಲ್ಲದಿದ್ರೆ ನೋವಾಗ್ತದೆ.”

ವಾಪಸು ಬಂದು ಮನೆಯ ಹತ್ತಿರ ಇಳಿಯುವಾಗ ಶೆಟ್ರು ಹಮೀದಾಕನನ್ನು ಕೇಳಿದರು: “ವಿಟ್ಲದ ಕಡೆಯವರು ಯಾರಾದ್ರೂ ಹೀಗೆ ಫೋನ್ ಮಾಡಿ ಅಂದ್ರೆ ನಾನು ಮಾತಾಡಬಹುದಾ?”

ಅಕ್ಕ ಮರುದಿನವೇ ಎಐಗೆ ಹೇಳಿ ಬದಲಾಯಿಸಿದಳು. ಈಗ ವಿಟ್ಲದಿಂದ ಮೂರನೆಯ ಉತ್ತರ ಬಂದರೆ ಸೂಚನೆ ಹೋಗುವುದು ಶೆಟ್ರ ಮೊಬೈಲಿಗೆ. ಬೆಳ್ತಂಗಡಿಗೂ ಯಾರಾದರೂ ಸಿಗುತ್ತಾರೋ ನೋಡುತ್ತಿದ್ದಾಳೆ. ಹ್ಯಾಂಡೋವರ್ ನಡೆಯುತ್ತಿದೆ.

ಎಐಯ ಮೇಲೆ ನನಗೆ ಸಿಟ್ಟಿಲ್ಲ. ಅದು ಮಾಡಿದ ಪುಟ ಇಲ್ಲದಿದ್ದರೆ ವಿಟ್ಲದ ಮಿಷನ್ ನಮಗೆ ಸಿಗುತ್ತಲೇ ಇರಲಿಲ್ಲ. ಎಲ್ಲಿದೆ ಎಂದು ಅದು ಹೇಳಿತು. ಹೇಗೆ ಕೇಳಬೇಕು ಎಂಬುದು ಮಾತ್ರ ಅಕ್ಕನಿಗೆ ಗೊತ್ತಿತ್ತು.

ಮೊನ್ನೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಗಂಡನ ಜೊತೆ ಅಲ್ಲಿಗೆ ಬಂದ ಸುಜಾತಾ ಅವನಿಗೆ ನನ್ನನ್ನು ತೋರಿಸಿದಳು. ಇಷ್ಟು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೇನೆ, ವಾರ ವಾರ ಈ ಅಂಕಣ ಬರೆಯುತ್ತಿದ್ದೇನೆ. ಅದರಲ್ಲಿ ಒಂದನ್ನಾದರೂ ಹೇಳುತ್ತಾಳೆಂದು ಅಂಗಿಯ ಕಾಲರ್ ಸರಿ ಮಾಡಿಕೊಂಡೆ.

“ಇವರು ಸುನಂದಕ್ಕನ ತಮ್ಮ” ಎಂದಳು.

ಇದಕ್ಕಿಂತ ದೊಡ್ಡ ಪ್ರಮೋಷನ್ ಯಾವುದುಂಟು ಹೇಳಿ?