ತಡವಾಗಿ ಬಂದ ಚಿತ್ರ

ಆ ವರ್ಷ ಕೋಡಿಹಳ್ಳಿ ಕಡೆಯ ನಮ್ಮೂರಿನಲ್ಲಿ ಚಿರತೆಯ ಕಾಟ ಹೆಚ್ಚಾಗಿತ್ತು. ಮೊದಲು ಬೀದಿನಾಯಿಗಳು ಕಾಣೆಯಾದವು. ಆಮೇಲೆ ಪಕ್ಕದ ತೋಟದವರ ಮೇಕೆ ಹೋಯಿತು. ನಮ್ಮ ಮನೆ ಇರುವುದು ಊರಿನಿಂದಾಚೆ, ಹಿಪ್ಪುನೇರಳೆ ತೋಟದಲ್ಲಿ. ಕೊಟ್ಟಿಗೆಗೆ ಹೋಗಬೇಕೆಂದರೆ ಹಿತ್ತಿಲು ದಾಟಬೇಕು. ಅತ್ತೆ ದಿನಾ ಸಂಜೆ ಅಲ್ಲಿಗೆ ಒಬ್ಬರೇ ಹಾಲು ಕರೆಯಲು ಹೋಗುತ್ತಿದ್ದರು. ಅದಕ್ಕೇ ನನ್ನ ಗಂಡ ಕೊಟ್ಟಿಗೆ, ಹುಲ್ಲಿನ ಮೆದೆ, ಗೇಟು, ರೇಷ್ಮೆ ಸಾಕುವ ಹುಳುಮನೆ, ನಾಲ್ಕೂ ಕಡೆ ಕ್ಯಾಮೆರಾ ಹಾಕಿಸಿದರು. ಚಿತ್ರ ನೋಡಲೆಂದು ಕನಕಪುರದಿಂದ ಒಂದು ಪುಟ್ಟ ಕಂಪ್ಯೂಟರ್ ತಂದರು. ಊಟದ ಡಬ್ಬಿಯಷ್ಟೇ ಇತ್ತು. ಅಂಗಡಿಯಲ್ಲಿ ಇದ್ದುದರಲ್ಲೇ ಅಗ್ಗದ್ದಂತೆ.

ಮದುವೆಗೆ ಮುಂಚೆ ನಾನು ಶಾಲೆಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೆ. ಹಾಗಾಗಿ ಅದನ್ನು ನನ್ನ ಮುಂದಿಟ್ಟರು.

"ಅಂಗಡಿಯೋರು ಒಂದ್ವಾರ ಟೈಮ್ ಕೊಟ್ಟವ್ರೆ. ಇಟ್ಕೊಳದೋ ವಾಪಸ್ ಕೊಡದೋ, ನೀನೇ ನೋಡಿ ಹೇಳು."

ಮೊದಲ ದಿನ ಅದು ನನ್ನನ್ನು ಮೆಚ್ಚಿಸಿತು. ಬೇಗ ಆನ್ ಆಯಿತು. ಕನ್ನಡ ಟೈಪ್ ಮಾಡಿದೆ, ಅಕ್ಷರಗಳು ಬೆರಳಿನ ಜೊತೆಗೇ ಬಂದವು. ವಿಡಿಯೋ ಎಲ್ಲೂ ನಿಲ್ಲದೆ ಓಡಿತು. ಕ್ಯಾಮೆರಾಗಳನ್ನು ಒಂದೊಂದಾಗಿ ತೆರೆದರೆ ಎಮ್ಮೆಯ ಬಾಲ ಆಡುವುದೂ ಸ್ಪಷ್ಟವಾಗಿ ಕಾಣುತ್ತಿತ್ತು.

ಮರುದಿನ ಸಂಜೆ ಗಂಡ ಗಾಡಿ ತೆಗೆದುಕೊಂಡು ಕನಕಪುರಕ್ಕೆ ಹೋಗಿದ್ದರು. ಎಲ್ಲ ಕೆಲಸವನ್ನೂ ಒಟ್ಟಿಗೇ ಕೊಟ್ಟು ನೋಡೋಣವೆಂದು ನಾನು ನಾಲ್ಕು ಕ್ಯಾಮೆರಾಗಳನ್ನೂ ಒಂದೇ ಪರದೆಗೆ ತಂದೆ. ಸುಮಾರು ಹೊತ್ತಾದ ಮೇಲೆ ಡಬ್ಬಿಯ ಮೇಲೆ ಕೈಯಿಟ್ಟರೆ ಬಿಸಿ ತಾಗಿತು. ಚಿತ್ರಗಳೇನೋ ಓಡುತ್ತಲೇ ಇದ್ದವು. ಒಂದರಲ್ಲಿ ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಹಾಲು ಕರೆಯುತ್ತಾ ಕೂತಿದ್ದರು. ಪಕ್ಕದ್ದರಲ್ಲಿ, ಹುಲ್ಲಿನ ಮೆದೆಯ ಹಿಂದಿನಿಂದ ಚಿರತೆ ಬಂತು.

ಅದು ಅವಸರ ಮಾಡಲಿಲ್ಲ. ತಲೆ ತಗ್ಗಿಸಿಕೊಂಡು ಕೊಟ್ಟಿಗೆಯ ಕಡೆ ನಡೆಯಿತು.

ಕಿಟಕಿಗೆ ಓಡಿ, "ಅತ್ತೆಮ್ಮಾ! ಬಾಗ್ಲು ಹಾಕ್ಕೊಳಿ!" ಎಂದು ಕಿರುಚಿದೆ.

"ಯಾಕವ್ವಾ ಅಂಗ್ ಕೂಗ್ತೀಯಾ?" ಎಂಬ ದನಿ ಕಿಟಕಿಯ ಪಕ್ಕದಿಂದಲೇ ಬಂತು. ಅತ್ತೆ ನೀರಿನ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಾ ನಿಂತಿದ್ದರು. ಪಕ್ಕದಲ್ಲಿ ತುಂಬಿದ ಹಾಲಿನ ಕ್ಯಾನು. ತಿರುಗಿ ನೋಡಿದೆ. ಪರದೆಯಲ್ಲಿ ಅವರು ಇನ್ನೂ ಹಾಲು ಕರೆಯುತ್ತಲೇ ಇದ್ದರು.

ನಾನು ನೋಡುತ್ತಿದ್ದುದು ಆಗಲೇ ಮುಗಿದುಹೋದದ್ದು. ಹಾಗಾದರೆ ಚಿರತೆ ಈಗ ಎಲ್ಲಿದೆ?

"ಚಿರತೆ ಬಂದೈತೆ, ಒಳಕ್ ಬನ್ನಿ!"

"ಅಯ್ಯೋ ಶಿವ್ನೇ, ಕರ ಆಚೆ ಕಟ್ಟಿವ್ನಿ!" ಎಂದು ಅತ್ತೆ ಕ್ಯಾನು ಹಿಡಿದುಕೊಂಡೇ ಕೊಟ್ಟಿಗೆಯತ್ತ ಓಡಿದರು. ನಾನೂ ಅವರ ಹಿಂದೆ ಓಡಿದೆ. ಕರುವನ್ನು ಬಿಚ್ಚಿ ಒಳಗೆ ತಳ್ಳಿ, ತಗಡಿನ ಬಾಗಿಲೆಳೆದು ಚಿಲಕ ಹಾಕಿದೆವು. ಫೋನು ಮನೆಯಲ್ಲೇ ಉಳಿದಿತ್ತು.

ಒಳಗೆ ಮಬ್ಬುಗತ್ತಲು. ದನಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದ್ದವು. ಅತ್ತೆ ನನ್ನ ತೋಳನ್ನು ಬಿಗಿಯಾಗಿ ಹಿಡಿದರು. ಅಷ್ಟರಲ್ಲಿ ಚಾವಣಿಯ ಶೀಟಿನ ಮೇಲೆ ದೊಪ್ಪೆಂದು ಏನೋ ಬಿತ್ತು. ಶೀಟು ಕಿರುಗುಟ್ಟುವ ಸದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು, ನಮ್ಮ ತಲೆಯ ಮೇಲೆಯೇ ನಿಂತಿತು. ಗರಗಸ ಎಳೆದಂಥ ಉಸಿರಿನ ಸದ್ದು ಕೇಳಿಸಿತು. ಕರು ಕೂಗದಿರಲೆಂದು ಅತ್ತೆ ಅದರ ಬಾಯಿಗೆ ತಮ್ಮ ಬೆರಳು ಕೊಟ್ಟರು.

ನನ್ನನ್ನು ಅದಕ್ಕಿಂತ ಹೆಚ್ಚು ಹೆದರಿಸಿದ್ದು ದೂರದಲ್ಲಿ ಕೇಳಿದ ನಮ್ಮ ಗಾಡಿಯ ಸದ್ದು. ಗಂಡ ಬರುತ್ತಿದ್ದರು. ಗೇಟು ತೆರೆಯಲು ಕೆಳಗಿಳಿಯುತ್ತಾರೆ. ಅವರಿಗೆ ಏನೂ ಗೊತ್ತಿಲ್ಲ.

"ಬಡಿಯವ್ವಾ!" ಎಂದು ಅತ್ತೆ ಅಷ್ಟೂ ಹಾಲನ್ನು ನೆಲಕ್ಕೆ ಸುರಿದು ಖಾಲಿ ಕ್ಯಾನನ್ನು ನನ್ನ ಕೈಗಿಟ್ಟರು. ಅದನ್ನು ತಗಡಿನ ಬಾಗಿಲಿಗೆ ಬಡಿದೆ. ಇಬ್ಬರೂ ಗಂಟಲು ಹರಿಯುವಂತೆ ಕೂಗಿದೆವು. ದನಗಳೂ ಅರಚಿದವು. ಶೀಟು ಒಮ್ಮೆ ಜೋರಾಗಿ ಅದುರಿ ಸುಮ್ಮನಾಯಿತು. ಗೇಟಿನಾಚೆ ಹಾರ್ನ್ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು.

ಊರಿನವರು ದೊಣ್ಣೆ, ಟಾರ್ಚು ಹಿಡಿದು ಬರುವವರೆಗೂ ನಾವು ಚಿಲಕ ತೆಗೆಯಲಿಲ್ಲ. ಚಿರತೆ ಶೀಟಿನಿಂದ ಹಾರಿ ನಮ್ಮ ಗಾಡಿಯ ಬೆಳಕಿನಲ್ಲೇ ತೋಟಕ್ಕೆ ನುಗ್ಗಿತೆಂದು ಗಂಡ ಹೇಳಿದರು.

ಮರುದಿನ ಅರಣ್ಯ ಇಲಾಖೆಯವರು ಬಂದು ಹೆಜ್ಜೆಗುರುತು ನೋಡಿ ಬೋನು ಇಟ್ಟರು. ನಾನು ಕಂಪ್ಯೂಟರಿನ ಪರೀಕ್ಷೆ ಮುಂದುವರಿಸಿದೆ. "ಮೆದೆ ಹತ್ರ ನಿಂತು ಕೈಯೆತ್ತಿ ಬನ್ನಿ," ಎಂದು ಗಂಡನಿಗೆ ಹೇಳಿದೆ. ಅವರು ಕೈಯೆತ್ತಿ, ಒಳಗೆ ಬಂದು, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಪರದೆಯಲ್ಲಿ ಕೈ ಮೇಲೇರಿತು. ಒಂದೇ ಕ್ಯಾಮೆರಾ ತೆರೆದಿಟ್ಟು ಮತ್ತೆ ಕೈಯೆತ್ತಿಸಿ ನೋಡಿದೆ. ಎತ್ತಿದ ಕ್ಷಣಕ್ಕೇ ಕಂಡಿತು. ಒಂದು ಕೆಲಸಕ್ಕೆ ಅದು ಚುರುಕು. ನಾಲ್ಕನ್ನು ಹೊರಿಸಿದರೆ ಬಿಸಿಯಾಗಿ ಹಿಂದೆ ಬೀಳುತ್ತಿತ್ತು, ಹಿಂದೆ ಬಿದ್ದಿದ್ದೇನೆಂದು ಹೇಳುತ್ತಲೂ ಇರಲಿಲ್ಲ.

"ವಾಪಸ್ ಕೊಡ್ರಿ," ಅಂದೆ. "ಕೆಟ್ಟೋಗಿ ನಿಂತ್ರೆ ಗೊತ್ತಾಯ್ತದೆ. ಇದು ಹಳೇದನ್ನೇ ಹೊಸ್ದು ಅಂತ ತೋರುಸ್ತದೆ."

ಅವರು ಅದನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಸ್ವಲ್ಪ ದೊಡ್ಡದೊಂದು ಬಂತು, ಅದು ಸರಿಯಾಗಿಯೇ ನಡೆಯುತ್ತಿದೆ. ನಮ್ಮ ಬೋನಿಗೆ ಮಾತ್ರ ಏನೂ ಬೀಳಲಿಲ್ಲ. ಈಗ ಅತ್ತೆ ಹಾಲು ಕರೆಯಲು ಹೊರಟರೆ ನಾನೂ ಜೊತೆಗೆ ಹೋಗಿ, ಅವರು ಎದ್ದು ಬರುವವರೆಗೆ ಕೊಟ್ಟಿಗೆಯ ಬಾಗಿಲಲ್ಲಿ ಮೆದೆಯ ಕಡೆ ಮುಖ ಮಾಡಿ ನಿಂತಿರುತ್ತೇನೆ.